ಬೇಕಂತಲೇ ತಪ್ಪು ಬರೆದವಳು

ಜಾವಗಲ್ ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ಜಿಲ್ಲೆಯೇ ನಿಂತಿತ್ತು. ಆದರೂ ಅರಸೀಕೆರೆಯ ರೈಲಿನೊಳಗಿನ ಪಿಸುಮಾತನ್ನು ಇಲ್ಲಿಂದಲೇ ಹಿಡಿಯುವ ನನ್ನ ಕಿವಿಗೆ ಪಕ್ಕದ ಇಬ್ಬರು ಹೆಂಗಸರ ಮಾತು ಬಿತ್ತು.

“ಲಕ್ಕಮ್ಮಾ, ಓದ್ನಲ್ಲಿ ಹಿಂದುಳಿದ ಮಕ್ಕಳಿಗೆ ಸರ್ಕಾರದೋರು ಸಂಜೆ ಕ್ಲಾಸು ಮಾಡ್ಸವ್ರಲ್ಲ, ನಿನ್ ಮಗಳು ಇನ್ನೂ ಅಲ್ಲೇ ಅವ್ಳಾ?”

“ಅವ್ಳೆ ಕಣಕ್ಕ. ಪರೀಕ್ಷೇಲಿ ಬೇಕಂತಲೇ ತಪ್ಪು ಬರೆದವ್ಳೆ.”

“ಯಾಕಂತೆ?”

“ಪಾಸಾದ್ರೆ ಆ ಕ್ಲಾಸು ಬಿಡಿಸ್ತಾರಂತೆ. ಅಲ್ಲಿ ಎಷ್ಟು ಸಲ ಕೇಳಿದ್ರೂ ಮೇಷ್ಟ್ರು ಬೈಯಲ್ವಂತೆ.”

“ಸಿಕ್ಕಾಕ್ಕೊಂಡ್ಳಾ?”

“ಎಲ್ಲಾ ಲೆಕ್ಕಕ್ಕೂ ಸರಿ ಉತ್ತರಕ್ಕಿಂತ ಒಂದು ಜಾಸ್ತಿ ಬರೆದಿದ್ಳು. ಮೇಷ್ಟ್ರು ನಕ್ಕು ನಕ್ಕು ಸುಸ್ತಾದ್ರು.”

“ಹಂಗಾರೆ ಕ್ಲಾಸಿಂದ ತೆಗೆದಾಕಿದ್ರಾ?”

“ಇಲ್ಲ ಕಣಕ್ಕ. ನಾಳೆಯಿಂದ ಬಂದು ಮಿಕ್ಕ ಮಕ್ಕಳಿಗೆ ನೀನೇ ಹೇಳ್ಕೊಡು ಅಂದವ್ರೆ.”

ಬೇಲೂರು ಬಸ್ಸು ಬಂತು. ಪ್ರಶ್ನೆ ಕೇಳುತ್ತಿದ್ದ ಹೆಂಗಸು ಬದಿಗೆ ಸರಿದು ಲಕ್ಕಮ್ಮನಿಗೆ ದಾರಿ ಬಿಟ್ಟಳು.

“ಟೀಚರಮ್ಮನ ತಾಯಿಯವರೇ, ತಾವು ಮೊದ್ಲು ಹತ್ತಿ.”

ಅವರಿಬ್ಬರ ನಗುವಿಗೇ ಬಸ್ಸು ತುಂಬಿಹೋಯಿತು. ನನಗೆ ಸೀಟು ಸಿಗಲಿಲ್ಲ.