ಇವತ್ತು ಸೊಪ್ಪು ಕೊಯ್ಯಬೇಡಿ ಮೇಷ್ಟ್ರೇ

...ಇಲ್ಲ ಮೇಷ್ಟ್ರೇ, ಕೂರೋಕೆ ಪುರಸೊತ್ತಿಲ್ಲ. ಟೀನೂ ಬೇಡ. ಟೆರೇಸಿನ ಬೀಗದ ಕೈ ಒಂದು ಕೊಟ್ಬಿಡಿ ಸಾಕು, ಹೀಗೆ ಹೋಗಿ ಹಾಗೆ ಬಂದ್ಬಿಡ್ತೀನಿ. ಯಾಕಾ? ಅದೇ... ನಿನ್ನೆ ನಿಮ್ಮ ಓನರು ಕರೆಸಿದ್ರಲ್ಲ, ಬಿಲ್ಡಿಂಗಿಗೆಲ್ಲಾ ಜಿರಳೆ ಔಷಧಿ ಹೊಡೀಬೇಕು ಅಂತ. ಮೋರಿ, ಮೆಟ್ಟಿಲ ಕೆಳಗೆ, ಮೀಟರ್ ಬೋರ್ಡಿನ ಹಿಂದೆ, ಎಲ್ಲಾ ಆಯ್ತು. ಮೇಲೆ ಒಂದು ಪೈಪಿನ ಬಾಯಿ ನೋಡೋದು ಉಳ್ಕೊಂಡಿದೆ. ಅಷ್ಟೇ.

ಅಯ್ಯೋ, ಮೇಲೆ ಔಷಧಿ ಹೊಡೆದಿಲ್ಲ ಮಾರಾಯ್ರೇ! ಓನರು ಮೊದಲೇ ಹೇಳಿದ್ರು, ಮೇಷ್ಟ್ರ ತೋಟ ಇದೆ, ಕೊನೇ ಮೆಟ್ಟಿಲು ದಾಟಬೇಡ ಅಂತ. ದಾಟಲಿಲ್ಲ. ನಾನ್ಯಾಕೆ ದಾಟ್ಲಿ? ಔಷಧಿಯೇನು ನಮ್ಮಪ್ಪನ ಮನೇದಾ, ಕಂಡಕಂಡಲ್ಲಿ ಚೆಲ್ಲೋಕೆ?

ನಗ್ಬೇಡಿ. ಯಾಕೆ ನಗ್ತೀರಿ? ಓಹೋ... ನಮ್ಮನೆಯವಳು ಹೇಳಿದ್ಲಾ, ನಮ್ಮನೇಲಿ ಜಿರಳೆ ಆಗಿರೋದನ್ನ? ಹೇಳಿರ್ತಾಳೆ. ನಿಮಗೆ ಹೇಳ್ದೆ ಇರೋದು ಏನಿದೆ! ಹೌದು ಸ್ವಾಮಿ, ಆಗಿವೆ. ಊರಿಗೆಲ್ಲಾ ಜಿರಳೆ ಔಷಧಿ ಹೊಡೆಯೋನ ಮನೇಲಿ ಜಿರಳೆಗಳು ಮೆರವಣಿಗೆ ಹೊರಟಿವೆ. ಯಾರ ದಯೆಯಿಂದ? ತಮ್ಮದೇ. ನಿಮ್ಮ ಆ ಶನಿವಾರದ ಕ್ಲಾಸು ಶುರುವಾಯ್ತು ನೋಡಿ, ‘ವಿಷ ಇಲ್ಲದ ಮನೆ’ ಅಂತ... ಅವತ್ತಿಂದ ನನ್ನ ಪಂಪು ಹೊಸ್ತಿಲು ದಾಟೋ ಹಾಗಿಲ್ಲ. ಪಂಪು ಯಾಕೆ, ನಾನೇ ದಾಟೋ ಹಾಗಿಲ್ಲ! ಹೊರಗೆ ನಲ್ಲಿ ಹತ್ರ ಬಟ್ಟೆ ಬಿಚ್ಚಬೇಕು, ಬಕೆಟ್ಟಲ್ಲಿ ಹಾಕ್ಬೇಕು, ಟವೆಲ್ ಸುತ್ಕೊಂಡು ಕಳ್ಳನ ಥರ ಹಿಂದಿನ ಬಾಗಿಲಿಂದ ಒಳಗೆ ಬರ್ಬೇಕು. ಪಕ್ಕದ ಮನೆ ಅಜ್ಜಿ ದಿನಾ ನೋಡ್ತಾರೆ. ಮೊದಮೊದಲು ಮುಖ ತಿರುಗಿಸ್ತಿದ್ರು. ಈಗ ಊಟ ಆಯ್ತೇನಪ್ಪಾ ಅಂತ ವಿಚಾರಿಸ್ಕೋತಾರೆ.

ಸರಿ, ಕೂತೆ. ಒಂದು ನಿಮಿಷ. ಟೀ ಬೇಡ ಅಂದ್ನಲ್ಲ... ಇಟ್ಟೇಬಿಟ್ರಾ. ನಿಮ್ಮದು ಇದೇ ನೋಡಿ. ಎದುರಿಗಿರೋರು ಏನೇ ಅನ್ಲಿ, ನಕ್ಕೊಂಡು ನಿಮ್ಮ ಕೆಲಸ ನೀವು ಮಾಡೋದು.

ಈ ಬಾಟ್ಲಿಗಳು... ನಮ್ಮನೇಲೂ ಇವೇ. ನಿಂಬೆ ಸಿಪ್ಪೆ, ಕಿತ್ತಳೆ ಸಿಪ್ಪೆ, ಬೆಲ್ಲ, ನೀರು. ಇದ್ರಲ್ಲಿ ನೆಲ ಒರೆಸೋದು! ದಿನಾ ಬೆಳಿಗ್ಗೆ ಎದ್ದು ಮುಚ್ಚಳ ಸಡಿಲ ಮಾಡಿ ಗಾಳಿ ಬಿಡ್ತಾಳೆ, ಇಲ್ದಿದ್ರೆ ಬಾಟ್ಲಿ ಒಡೆಯುತ್ತಂತೆ. ಮಗೂನ ನೋಡ್ಕೊಳ್ಳೋ ಹಾಗೆ ನೋಡ್ಕೋತಾಳೆ ಅವನ್ನ. ಗಂಡ ಎದ್ನಾ, ಸತ್ನಾ, ಕೇಳಲ್ಲ. ಬಾಟ್ಲಿಗಳಿಗೆ ಗಾಳಿ! ಪಾತ್ರೆಗೆ ಅಡುಗೆ ಸೋಡಾ, ಬಟ್ಟೆಗೆ ಅಂಟವಾಳದ ಕಾಯಿ. ನಾನು ತಂದಿಟ್ಟಿದ್ದ ಫಿನಾಯಿಲು, ರೂಮಿಗೆ ಹೊಡೆಯೋ ಸೆಂಟು, ಸೊಳ್ಳೆ ಬತ್ತಿ, ಒಂದು ಚೀಲಕ್ಕೆ ತುಂಬಿ ನನ್ನ ಕೈಗೇ ಕೊಟ್ಲು. ಕೈಗೆ ಕೊಟ್ಟು ಏನಂದ್ಲು ಗೊತ್ತಾ? ‘ಮೇಷ್ಟ್ರು ಹೇಳಿದಾರೆ, ಉಸಿರಾಡೋ ಗಾಳೀಲೇ ಅರ್ಧ ಆರೋಗ್ಯ ಇದೆ’ ಅಂತ.

ಮೇಷ್ಟ್ರು ಹೇಳಿದಾರೆ. ಬಾಯಿ ಬಿಟ್ರೆ ಇದೇ ಮಾತು. ಅಕ್ಕಿ ಪಾಲಿಶ್ ಮಾಡದೇ ಇರೋದೇ ತರ್ಬೇಕು, ಮೇಷ್ಟ್ರು ಹೇಳಿದಾರೆ. ಪ್ಲಾಸ್ಟಿಕ್ ಡಬ್ಬಿಗೆ ಬಿಸಿ ಸಾರು ಹಾಕ್ಬಾರ್ದು, ಮೇಷ್ಟ್ರು ಹೇಳಿದಾರೆ. ಅಲ್ಲಾ, ಇದೇ ಡಬ್ಬಿ ಮಾತು ನಾನೂ ಹೇಳಿದ್ದೆ ಸ್ವಾಮಿ, ಎರಡು ವರ್ಷದ ಹಿಂದೆ! ಆವಾಗ ಏನಂದ್ಲು? ‘ನಿಮಗೇನು ಗೊತ್ತು, ಸುಮ್ನಿರಿ.’ ಅದೇ ಮಾತು, ಬಾಯಿ ಬೇರೆ. ನಿಮ್ಮ ಬಾಯಿಂದ ಬಂದ್ರೆ ಜ್ಞಾನ, ನನ್ನ ಬಾಯಿಂದ ಬಂದ್ರೆ ಜಿರಳೆ.

ಅಲ್ಲಾ, ನೀವು ಡ್ರಾಯಿಂಗ್ ಮೇಷ್ಟ್ರು. ಮಕ್ಕಳಿಗೆ ಬೆಟ್ಟ, ಸೂರ್ಯ ಬಿಡಿಸೋದು ಕಲ್ಸಿ. ಊರವರ ಹೆಂಡ್ತೀರಿಗೆ ನೆಲ ಒರೆಸೋದು ಕಲ್ಸು ಅಂತ ಯಾರು ಹೇಳಿದ್ರು ನಿಮಗೆ?

...ಹಾಗಲ್ಲ. ತಪ್ಪು ತಿಳ್ಕೋಬೇಡಿ. ನಿಮ್ಮ ಮೇಲೆ ನನಗೇನೂ ಇಲ್ಲ. ನೀವು ಒಳ್ಳೇರು. ಒಳ್ಳೇರು ಅನ್ನೋದೇ ತೊಂದರೆ! ಕೆಟ್ಟೋರಾಗಿದ್ರೆ ಕಾಲರ್ ಹಿಡಿದು ಕೇಳಬಹುದಿತ್ತು. ನಾನೂ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾದೆ, ಒಂದು ಮಾತು ಅಡ್ಡ ಆಡ್ತೀರಾ, ಒಂದು ನೋಟ ಅಡ್ಡ ಬೀಳುತ್ತಾ ಅಂತ. ಊಹೂಂ. ಅವಳನ್ನ ‘ತಾಯಿ’ ಅಂತ ಕರೀತೀರಂತೆ. ಆ ಸುದ್ದಿ ಕೇಳಿ ಇನ್ನೂ ಹೊಟ್ಟೆ ಉರೀತು ನನಗೆ. ಜಗಳ ಮಾಡೋಕೂ ಜಾಗ ಬಿಡಲಿಲ್ಲ ನೀವು.

ಟೀ ಚೆನ್ನಾಗಿದೆ. ಪುದೀನ ಹಾಕಿದೀರಾ? ಮೇಲಿಂದ ಕಿತ್ತದ್ದಾ? ಯಾವಾಗ? ...ಮೊನ್ನೇದಾ. ಮೊನ್ನೇದಾದ್ರೆ ಪರ್ವಾಗಿಲ್ಲ... ಅಂದ್ರೆ, ಮೊನ್ನೇದಾದ್ರೂ ಘಮ ಇದೆ ಅಂದೆ. ಬೇರೇನಿಲ್ಲ.

ಅಂದ ಹಾಗೆ ಇವತ್ತು ಏನೂ ಕೊಯ್ಯೋಕೆ ಹೋಗ್ಬೇಡಿ ಮೇಷ್ಟ್ರೇ. ಸೊಪ್ಪು ಗಿಪ್ಪು ಯಾರಿಗೂ ಕೊಡ್ಬೇಡಿ. ಒಂದು... ಈ ಎಲೆ ರೋಗ ಇದೆಯಲ್ಲ, ಬಿಳಿ ಬಿಳಿ ಚುಕ್ಕೆ, ಎಲ್ಲಾ ಕಡೆ ಬಂದಿದೆ. ತಿಂದ್ರೆ ಹೊಟ್ಟೆ ಕೆಡುತ್ತೆ. ಆ ಪಾಲಕ್ ಮಡಿ ಪೂರ್ತಿ ಕಿತ್ತು ಬಿಸಾಕಿಬಿಡೋಣ, ನಾನೇ ಕಿತ್ತುಕೊಡ್ತೀನಿ, ಅದಕ್ಕೇ ಬೀಗದ ಕೈ ಕೇಳಿದ್ದು... ಇಲ್ಲ, ಪೈಪೂ ಇದೆ. ಪೈಪೂ ನೋಡ್ಬೇಕು, ಇದೂ ಮಾಡ್ಬೇಕು. ಟೊಮೇಟೊನೂ ಅಷ್ಟೇ. ಆ ನೀಲಿ ಚೌಕಳಿ ಬಟ್ಟೆ ಚೂರಲ್ಲಿ ಕಟ್ಟಿದೀರಲ್ಲ, ಆ ಸಾಲು ಪೂರ್ತಿ ತೆಗೀಬೇಕು.

...ಏನು?

ನನಗೆ ಹೇಗೆ ಗೊತ್ತು ಅಂದ್ರೆ... ಕೆಳಗಿಂದ ಕಾಣುತ್ತಲ್ಲ. ರಸ್ತೆಯಿಂದ. ಕಾಣಲ್ವಾ? ಗೋಡೆ ಅಡ್ಡ ಇದೆಯಾ? ಹಾಗಾದ್ರೆ ನಮ್ಮನೆಯವಳೇ ಹೇಳಿರ್ಬೇಕು...

ಹೋಗ್ಲಿ ಬಿಡಿ! ಹೌದು, ಬಂದಿದ್ದೆ. ನಿನ್ನೆ ಸಾಯಂಕಾಲ ಮೇಲೆ ಬಂದಿದ್ದೆ, ಬೀಗ ಹಾಕಿರಲಿಲ್ಲ. ನೋಡೋಕೆ ಅಷ್ಟೇ. ನೋಡೋಕೂ ತಪ್ಪಾ? ನೀವೆಲ್ಲಾ ಕೆಳಗೆ ಹಾಲಲ್ಲಿ ಕ್ಲಾಸಲ್ಲಿದ್ರಿ. ನಾನು ಮೆಟ್ಟಿಲ ಕೆಳಗೆ ಮಂಡಿಯೂರಿ ಮೋರಿಗೆ ಹೊಡೀತಿದ್ದೆ, ಬೆನ್ನ ಮೇಲೆ ಪಂಪು, ಮುಖಕ್ಕೆ ಮಾಸ್ಕು. ಆ ಕಡೆಯಿಂದ ನಗು ಕೇಳಿಸ್ತು. ಯಾರೋ ಹೆಂಗಸು ಬಿದ್ದೂ ಬಿದ್ದೂ ನಗ್ತಿದ್ಲು. ಎಷ್ಟು ಚೆನ್ನಾಗಿ ನಗ್ತಾಳಪ್ಪಾ ಯಾರೋ ಅಂದ್ಕೊಂಡೆ. ಆಮೇಲೆ ಗೊತ್ತಾಯ್ತು... ನನ್ನ ಹೆಂಡತಿ. ನನ್ನ ಹೆಂಡತಿ ನಗು ನನಗೇ ಗುರ್ತು ಸಿಗಲಿಲ್ಲ ಮೇಷ್ಟ್ರೇ. ನಮ್ಮನೇಲಿ ಅದನ್ನ ಕೇಳಿ ಅಷ್ಟು ದಿನ ಆಗಿದೆ.

ಅದಕ್ಕೇ ಮೇಲೆ ಹತ್ತಿದೆ. ಏನಿದೆ ಅಂಥಾದ್ದು, ಅವಳು ಹಗಲೂ ರಾತ್ರಿ ಜಪ ಮಾಡೋ ಅಂಥಾದ್ದು, ನೋಡೇಬಿಡೋಣ ಅಂತ. ಹತ್ತಿ ನೋಡಿದ್ರೆ ಟೊಮೇಟೊ ಗಿಡಕ್ಕೆಲ್ಲಾ ನನ್ನ ಶರ್ಟು! ಹರಿದು, ಪಟ್ಟಿ ಪಟ್ಟಿ ಮಾಡಿ ಕಟ್ಟಿದಾಳೆ. ಮದುವೆಯಾದ ಹೊಸದರಲ್ಲಿ ಅವಳೇ ಆರಿಸಿ ಕೊಡಿಸಿದ್ದು ಅದು, ನೀಲಿ ಚೌಕಳಿ. ತಿಂಗಳಿಂದ ಹುಡುಕ್ತಿದ್ದೆ. ಎಲ್ಲಿ ಹೋಯ್ತೇ ಅಂದ್ರೆ ಎಲ್ಲೋ ಇರುತ್ತೆ ಹುಡುಕಿ ಅಂತಿದ್ಲು. ಇಲ್ಲಿತ್ತು! ನಿಮ್ಮ ಟೊಮೇಟೊನ ಅಪ್ಪಿಕೊಂಡು ನಿಂತಿತ್ತು! ನನ್ನ ಜಾಗದಲ್ಲಿ ನೀವಿದ್ದಿದ್ರೆ ಏನು ಮಾಡ್ತಿದ್ರಿ? ಮೈಯೆಲ್ಲಾ ಉರಿದುಹೋಯ್ತು.

ಯಾಕೆ ಸುಮ್ನಾದ್ರಿ?

ಇಷ್ಟೊತ್ತೂ ನಗ್ತಿದ್ರಿ. ನಗಿ. ನಗೋ ಮಾತೇ ಇದು... ಶರ್ಟಿಗೋಸ್ಕರ ಗಂಡಸು ಅತ್ತ ಅಂದ್ರೆ ಯಾರು ತಾನೇ ನಗಲ್ಲ.

ಹಾಗೆ ನೋಡ್ಬೇಡಿ ಮೇಷ್ಟ್ರೇ. ನಾನು ಏನೂ ಮಾಡಿಲ್ಲ. ಬೆನ್ನ ಮೇಲೆ ಪಂಪಿತ್ತು ನಿಜ. ಇತ್ತು ಅಂದ ಮಾತ್ರಕ್ಕೆ...

ಏನಾದ್ರೂ ಹೇಳಿ! ಬೈಯಿರಿ ಬೇಕಾದ್ರೆ. ಒಂದು ಮಾತಾಡಿ!

...ಹೊಡೆದೆ. ಆಯ್ತಾ? ಸಮಾಧಾನ ಆಯ್ತಾ? ಪಂಪು ಖಾಲಿಯಾಗಿತ್ತು, ಕೆಳಗಿಳಿದು ಸ್ಕೂಟರಲ್ಲಿದ್ದ ಕ್ಯಾನಿಂದ ತುಂಬಿಸ್ಕೊಂಡು ಬಂದು ಪಾಲಕ್ಕಿಗೂ ಹೊಡೆದೆ, ಟೊಮೇಟೊಗೂ ಹೊಡೆದೆ. ಯಾರಿಗೂ ವಿಷ ಹಾಕ್ಬೇಕು ಅಂತಲ್ಲ, ನಾನಂಥಾ ಪಾಪಿ ಅಲ್ಲ. ಒಂದು ಲೆಕ್ಕ ಹಾಕಿದ್ದೆ. ಕೇಳಿ. ಬಸುರಿ ಆದಾಗಿಂದ ಅವಳ ಮೂಗು ಎಂಥದು ಗೊತ್ತಲ್ಲ ನಿಮಗೆ? ನಾನು ರಸ್ತೆ ತಿರುವಲ್ಲಿ ಸ್ಕೂಟರ್ ನಿಲ್ಲಿಸಿದ್ರೆ ಒಳಗೆ ಕೂತು ‘ಬಂದ್ರು’ ಅಂತಾಳೆ. ಹಾಸಿಗೇನೂ ಬೇರೆ ಮಾಡಿದಾಳೆ, ನನ್ನ ಮೈಯಲ್ಲಿ ಔಷಧಿ ವಾಸನೆ ಅಂತ. ಆ ಮೂಗಿಗೆ ನಿಮ್ಮ ಸೊಪ್ಪಲ್ಲಿ ಔಷಧಿ ವಾಸನೆ ಬಡೀಬೇಕು. ಅಷ್ಟೇ ನನ್ನ ಆಸೆ. ಸೊಪ್ಪನ್ನ ಮೂಗಿಗೆ ಹಿಡೀಬೇಕು, ಥೂ ಅಂತ ನಿಮ್ಮ ಮುಂದೇನೇ ಬಿಸಾಕ್ಬೇಕು, ‘ನೀವೂ ಕದ್ದು ಹೊಡೀತೀರಾ ಮೇಷ್ಟ್ರೇ’ ಅಂತ ಕೇಳ್ಬೇಕು. ಒಂದು ಎಲೇನೂ ಬಾಯಿಗೆ ಹೋಗಲ್ಲ ಅನ್ನೋ ಧೈರ್ಯದ ಮೇಲೇ ಹೊಡೆದದ್ದು. ನಮ್ಮ ಹಳೇ ಔಷಧಿ ಹಾಗಿರುತ್ತೆ, ಎರಡು ದಿನ ಆದ್ರೂ ತಲೆ ತಿರುಗೋ ಅಷ್ಟು ನಾತ.

ಇವತ್ತು ಬೆಳಿಗ್ಗೆ ಸ್ಕೂಟರಿಗೆ ಕ್ಯಾನು ಕಟ್ಟೋಕೆ ಹೋದೆ. ಹಳೇ ಔಷಧಿ ಕ್ಯಾನು ತುಂಬಿ ಹಾಗೇ ಇದೆ. ಪಕ್ಕದ್ದು ಕೆಳಗಿಳಿದಿದೆ. ಪಕ್ಕದ್ದು... ಹೊಸದು ಮೇಷ್ಟ್ರೇ. ಗಿರಾಕಿಗಳೆಲ್ಲಾ ನಾತ ನಾತ ಅಂತ ಬೈತಾರೆ ಅಂತ ನಾನೇ ಕೇಳಿ ತರಿಸಿದ್ದು. ಅದಕ್ಕೆ ವಾಸನೇನೇ ಇಲ್ಲ. ಎರಡೂ ಒಂದೇ ಥರದ ಬಿಳೀ ಕ್ಯಾನು, ಕಣ್ಣಲ್ಲಿ ನೀರು, ಮುಖಕ್ಕೆ ಮಾಸ್ಕು, ಯಾವುದು ತುಂಬಿಸ್ಕೊಂಡೆ ಅಂತ ಗೊತ್ತೇ ಆಗ್ಲಿಲ್ಲ. ನೀರಿನ ಹಾಗಿರುತ್ತೆ. ಒಣಗಿದ ಮೇಲೆ ಕಲೇನೂ ಇಲ್ಲ, ಏನೂ ಇಲ್ಲ. ನಾಯಿಗೂ ತಿಳಿಯಲ್ಲ. ಅವಳ ಮೂಗಿಗೂ ತಿಳಿಯಲ್ಲ.

ಅದಕ್ಕೇ ಓಡಿ ಬಂದೆ. ಬೀಗದ ಕೈ ಕೊಡಿ. ಬೇಗ ಕಿತ್ತು ಹಾಕ್ಬಿಡ್ತೀನಿ, ಮಣ್ಣೂ ಬದಲಾಯಿಸಿ ಕೊಡ್ತೀನಿ. ಸೊಪ್ಪಿಗೆ ಅವಳು ಬರೋದು ಹೇಗೂ ಸಾಯಂಕಾಲ. ಈಗ ಅವಳು... ವಾಕಿಂಗ್ ಹೋಗಿದಾಳೆ. ಬೆಳಿಗ್ಗೆ ನಾನು ಏಳೋಕೆ ಮುಂಚೇನೇ...

ಆ ಕತ್ತರಿ ಯಾಕೆ ಹೀಗಿದೆ?

ಸಿಂಕಿನ ಹತ್ರ ಇರೋದು. ಒದ್ದೆಯಾಗಿದೆ. ಹಸಿರು ಅಂಟಿದೆ ಅದಕ್ಕೆ.

ಮೇಷ್ಟ್ರೇ... ಇವತ್ತು ಕೊಯ್ದ್ರಾ? ಎಲ್ಲಿ ಸೊಪ್ಪು? ಫ್ರಿಜ್ಜಲ್ಲಿದೆಯಾ? ತೆಗೀರಿ. ಇಲ್ವಾ? ಯಾರಿಗೆ ಕೊಟ್ರಿ?

...ಯಾರಿಗೆ ಕೊಟ್ರಿ ಅಂತ ಕೇಳಿದೆ.

ಬೇಡ. ಹೇಳ್ಬೇಡಿ. ಗೊತ್ತಾಯ್ತು. ನಿಮ್ಮ ಮುಖಾನೇ ಹೇಳ್ತಿದೆ.

ಎಷ್ಟೊತ್ತಾಯ್ತು ಅವಳು ಹೋಗಿ? ಅವಳು ಮನೆಗೆ ಹೋಗಿ ತೊಳೆದು ಬೇಯಿಸೋ ಜಾತಿ ಅಲ್ಲ ಸ್ವಾಮಿ! ಬೇರೆ ಕಡೆಯಿಂದ ತಂದದ್ದನ್ನ ಉಪ್ಪು ನೀರಲ್ಲಿ ನೆನೆಸಿ, ಮೂರು ಸಲ ತೊಳೀತಾಳೆ. ನಿಮ್ಮದನ್ನ ತೊಳೆಯಲ್ಲ. ಹಾಗೇ ದಾರೀಲಿ ಒಂದೊಂದೇ ಎಳೇ ಎಲೆ ಬಾಯಿಗೆ ಹಾಕ್ಕೊಂಡು ಬರ್ತಾಳೆ. ‘ಮೇಷ್ಟ್ರ ಕೈಯಿಂದ ಬಂದದ್ದು, ತೊಳೆಯೋಕೇನಿದೆ’ ಅಂತಾಳೆ. ಹೊಟ್ಟೇಲಿ ಮಗು ಇದೆ...

ತಡೀರಿ, ಫೋನ್... ರಿಂಗ್ ಆಗ್ತಿದೆ. ಎತ್ತೇ... ಎತ್ತೇ ಮಾರಾಯ್ತಿ... ಎತ್ತಲ್ಲ. ಕಟ್ ಮಾಡಿದ್ಲು. ಮೊನ್ನೆ ಜಗಳ ಆಡಿದ್ವಿ. ನಿಮ್ಮ ವಿಷಯಕ್ಕೇ. ಅವತ್ತಿಂದ ನನ್ನ ನಂಬರ್ ನೋಡಿದ್ರೆ ಕಟ್ ಮಾಡ್ತಾಳೆ.

ನೀವು ಮಾಡಿ.

ನೀವು ಮಾಡಿ ಮೇಷ್ಟ್ರೇ, ನಿಮ್ಮ ಫೋನಿಂದ. ದಮ್ಮಯ್ಯ ಅಂತೀನಿ. ನಿಮ್ಮದನ್ನ ಒಂದೇ ರಿಂಗಿಗೆ ಎತ್ತುತಾಳೆ, ಎದುರಿಗೆ ಕೂತು ನೋಡಿದೀನಿ ನಾನು. ಬಾಯಲ್ಲಿರೋದನ್ನ ಉಗೀ ಅನ್ನಿ. ನಿಂತಲ್ಲೇ ನಿಂತಿರು ಅನ್ನಿ, ನಾನು ಸ್ಕೂಟರ್ ತರ್ತೀನಿ, ಆಸ್ಪತ್ರೆಗೆ ಹೋಗೋಣ. ನೀವು ಹೇಳಿದ್ರೆ ಕೇಳ್ತಾಳೆ. ನಾನು ಹೇಳಿದ್ರೆ ಹೊಟ್ಟೆಕಿಚ್ಚಿಗೆ ಹೇಳ್ತಿದಾರೆ ಅಂತ ಇನ್ನೊಂದು ಎಲೆ ಜಾಸ್ತಿ ತಿಂತಾಳೆ. ಮಾಡಿ, ಬೇಗ ಒತ್ತಿ... ಹಾಂ. ಯಾಕೆ ಅಂತ ಕೇಳ್ತಾಳೆ, ಕೇಳೇ ಕೇಳ್ತಾಳೆ. ಗಿಡಕ್ಕೆ ರೋಗ ಅಂತ ಹೇಳಿದ್ರೆ ನಂಬಲ್ಲ. ನಿಜಾನೇ ಹೇಳಿ. ನನ್ನ ಹೆಸರೇ ಹೇಳ್ಬಿಡಿ.