ಕೊರಳಲ್ಲಿಲ್ಲದ ಗಂಟು

ಥೂ, ದಾರದ ತುದಿ ನೆಕ್ಕಿ ನೆಕ್ಕಿ ಸೂಜಿಗೆ ಪೋಣಿಸೋ ಚಾಳಿ ಬಿಡಲ್ವಲ್ಲೇ ನೀನು! ಕೈ ನಡುಗಿ ಗಾಳಿಗೆ ಚುಚ್ತೀಯ, ಮತ್ತೆ ನೆಕ್ತೀಯ... ಯಾರದೋ ಮಗುವಿನ ಯೂನಿಫಾರ್ಮ್ ಕಣೇ ಅದು. ಏನು ನಗು? ನಕ್ಕರೆ ಹಲ್ಲೊಂದೇ ಕಾಣೋದು ಈಗ. ಕೆನ್ನೆ ಎಲ್ಲಿದೆ?

ಫ್ಯಾನ್ ಬೇಡ, ಬಟ್ಟೆ ಹಾರುತ್ತೆ. ಈ ಮಳೆ ಚಳಿಗೆ ನಾವೆಲ್ಲ ಸ್ವೆಟರ್ ಹಾಕ್ಕೊಂಡಿದ್ದೀವಿ, ಇವಳೊಬ್ಬಳಿಗೇ ಸೆಕೆ!

ಎದೆ ಹೊಡ್ಕೊಳ್ಳುತ್ತಾ? ಹೊಡ್ಕೊಳ್ಳೋದು ನಿಂತ್ರೆ ತಾನೇ ಕಷ್ಟ! ...ಬೇಜಾರಾಯ್ತಾ? ನನ್ನ ತಮ್ಮನ್ನ ಕಟ್ಕೊಂಡು ಇಷ್ಟು ವರ್ಷ ಆಯ್ತು, ಅತ್ತಿಗೆ ಬಾಯಿ ಗೊತ್ತಿಲ್ವಾ?

ಥೈರಾಯ್ಡ್ ಹೆಚ್ಚಾಗಿದೆ ಅಂತ ಮತ್ತೆ ರಾಗ ತೆಗೀಬೇಡ. ಹೋದ ವರ್ಷ ಕೊರಳಿನ ಕ್ಯಾನ್ಸರ್ ಗಂಟಿನ ಜೊತೆ ಗ್ರಂಥಿನೇ ಕಿತ್ತುಹಾಕಿದ್ರಲ್ಲ. ಕೊಟ್ಟಿಗೇಲಿ ಹಸುವೇ ಇಲ್ಲ, ಹಾಲೆಲ್ಲಿಂದ ಬರುತ್ತೆ? ಗ್ರಂಥಿ ಬದಲಿಗೆ ಅಂತ ಕೊಟ್ಟ ಥೈರಾಯ್ಡ್ ಮಾತ್ರೆನ ಸಣ್ಣ ಆಗೋ ಆಸೆಗೆ ಜಾಸ್ತಿ ನುಂಗ್ತಿದ್ದೆ ನೀನು. ಅದಕ್ಕೇ ತಮ್ಮನಿಗೆ ಹೇಳಿ ಮಾತ್ರೆನೆಲ್ಲ ನನ್ನ ಬೀರುವಿಗೆ ಹಾಕಿದ್ದು. ಹ್ಞೂಂ, ತಿಂಗಳಾಯ್ತು... ಆದ್ರೂ ಕರಗ್ತಾನೇ ಇದ್ದೀಯ. ಎಲ್ಲೋ ಬಚ್ಚಿಟ್ಟಿದ್ದೀಯ, ಕಳ್ಳಿ!

ಏನೇ ಅನ್ನು, ನಿನ್ನ ಮಿಷನ್ ಮಾತ್ರ ಕುದುರೆ. ಉಳಿದವರು ಒಂದು ಅಂಗಿ ಹೊಲಿಯೋಷ್ಟರಲ್ಲಿ ನಿಂದು ಮೂರು. ಕೂತಲ್ಲಿ ಕೂರಕ್ಕಾಗಲ್ಲ, ಮಲಗಿದ್ರೆ ನಿದ್ದೆ ಇಲ್ಲ. ಇಂಥ ಕಾಯಿಲೆ ಟೈಲರ್‌ಗಳಿಗೆಲ್ಲ ಬರಲಿ ಅಂತೀನಿ!

ಯಾರು, ಸೊಂಟನೋವಿಗೆ ಸ್ಕ್ಯಾನ್ ಮಾಡಿದ ಆಸ್ಪತ್ರೆಯವರಾ? ಇಲ್ಲಪ್ಪ. ಅಂಗಡಿ ನಂಬರ್ ಕೊಟ್ಟಿದ್ದೀಯ, ಫೋನ್ ನನ್ನ ಹತ್ರಾನೇ ಇರುತ್ತೆ, ಬಂದಿದ್ರೆ ಹೇಳ್ತಿರ್ಲಿಲ್ವಾ? ಸೋಮವಾರ ಸ್ಕೂಲ್ ಶುರು, ಇನ್ನೂ ಅರ್ಧ ಮೂಟೆ ಬಾಕಿ. ಅದು ಮುಗೀಲಿ, ನಾನೇ ಕರ್ಕೊಂಡು ಹೋಗ್ತೀನಿ.

ಅಯ್ಯಯ್ಯೋ, ಕುಂಟ್ಕೊಂಡು ಏಳಬೇಡ್ವೇ! ಬಟ್ಟೆ ನಾನು ತಂದ್ಕೊಡ್ತೀನಿ. ಬಿದ್ರೆ ಆ ಸೊಂಟದ ಮೂಳೆ ಪುಡಿಪುಡಿ! ಆ ಕ್ಯಾನ್ಸರ್ ಗಂಟು ಅಲ್ಲೇ ಕೂತು ಥೈರಾಯ್ಡ್ ಕೆಲಸ ಮಾಡ್ತಾ, ಮೂಳೆ ತಿಂತಾ...

ಏನು? ಯಾಕೆ ಹಾಗೆ ನೋಡ್ತೀಯ?

ಬಾಯಿಗೆ ಬಂತು, ಅಂದೆ. ಟಿವೀಲಿ ಯಾರೋ... ಮಿಷನ್ ಯಾಕೆ ನಿಲ್ಸಿದೆ?

ಬೈಯಿ ಬೇಕಾದ್ರೆ.

ಹೋದ ವಾರ ತಾನೇ ಅವರು ಫೋನಲ್ಲಿ ಹೇಳಿದ್ದು... ಡಾಕ್ಟರ್‌ಗಳು ಎಲ್ಲದಕ್ಕೂ 'ತಕ್ಷಣ ಕರ್ಕೊಂಡು ಬನ್ನಿ' ಅಂತಾರೆ ಕಣೇ.

ಹೋಗು, ಬೇಡ ಅಂದ್ನಾ? ಆಟೋ ನಾನೇ ಕರೀತೀನಿ. ಆದ್ರೆ ಆ ಅಂಗಿ ತೋಳು... ಸೂಜಿ ಕೆಳಗೆ ಅರ್ಧಕ್ಕೆ ನಿಂತಿದೆಯಲ್ಲ... ಅದೊಂದು ಮುಗಿಸಿಕೊಟ್ಟು ಹೋಗ್ತೀಯಾ?