ಒಲೆಯಿಲ್ಲದ ದ್ವೀಪದ ಭಾಷೆ

ಮತ್ತೆ ಬಂದ್ರಾ? ಈ ಕಾಜಾ ಹೊಲಿಯೋಕೆ ಕೂತಾಗಿನಿಂದ ಇದು ಎಷ್ಟನೇ ಸಲ ರೀ? ಸೂಜಿಗೆ ದಾರ ಪೋಣಿಸ್ಬೇಕು ಅನ್ನೋವಷ್ಟರಲ್ಲಿ ನಿಮ್ಮ ತಲೆ ಬಾಗಿಲಲ್ಲಿ... ಏನು, ಸಂಜೆ ಗಾಳಿಗೆ ಇನ್ನೊಂದು ಹೆಸರು ಹೊಳೀತಾ? ಹೇಳಬೇಡಿ. ಇವತ್ತು ನಾನು ಹೇಳ್ತೀನಿ, ನೀವು ಕೇಳಿ. ಆ ಸ್ಟೂಲ್ ಎಳ್ಕೊಂಡು ಕೂತ್ಕೊಳ್ಳಿ.

ಶಿಶುವಿಹಾರದ ಟೀಚರ್ ನನ್ನನ್ನ ಗೇಟಲ್ಲೇ ನಿಲ್ಲಿಸಿಕೊಂಡ್ರು. ನಿಮ್ಮ ಮಗಳು ಬೆಳಗ್ಗೆಯಿಂದ ಮೂಲೆ ಹಿಡಿದು ನಿಂತು 'ತುಲೀನೋ, ತುಲೀನೋ' ಅಂತ ಅತ್ತಿದ್ದಾಳೆ ಅಂದ್ರು. ಪಾಪ, ನೀರು ಕೊಟ್ರಂತೆ, ಬಿಸ್ಕತ್ತು ಕೊಟ್ರಂತೆ, ಚಡ್ಡಿ ಬದಲಾಯಿಸಿದ್ರಂತೆ. 'ಮನೇಲಿ ಯಾವ ಭಾಷೆ ಆಡ್ತೀರಮ್ಮ?' ಅಂತ ಕೇಳಿದ್ರು. ಏನು ಹೇಳ್ಲಿ? ನಮ್ಮ ಯಜಮಾನ್ರು ಹಗಲು ಲಿಫ್ಟ್ ರಿಪೇರಿ ಮಾಡ್ತಾರೆ, ಸಂಜೆ ಭಾಷೆ ಹುಟ್ಟಿಸ್ತಾರೆ ಅನ್ಲಾ? ನಗಬೇಡಿ. ನಾಲ್ಕು ಜನರ ಮಾತು ಕಲಿಸದಿದ್ರೆ ಮುಂದಿನ ತಿಂಗಳಿಂದ ಕಳಿಸಲೇಬೇಡಿ ಅಂದಿದ್ದಾರೆ.

ಎಲ್ಲಾ ನಿಮ್ಮಿಂದಲೇ. ಯಾರೂ ಕಾಣದ ದ್ವೀಪ, ಅದಕ್ಕೊಬ್ಬ ರಾಜ, ಅವನ ಹಡಗಿನ ಒಂದೊಂದು ಹಗ್ಗಕ್ಕೂ ಒಂದೊಂದು ಹೆಸರು. ಒಲೆಗೆ ಹೆಸರಿಲ್ಲ, ಉಪ್ಪಿಗಿಲ್ಲ, ಒದ್ದೆ ಚಡ್ಡಿಗಂತೂ ಇಲ್ಲವೇ ಇಲ್ಲ. ಆ ದ್ವೀಪದವರು ಗಾಳಿ ಕುಡಿದು ಬದುಕ್ತಾರಾ? ಅಲ್ಲಿನ ಹೆಂಗಸರು ಮಕ್ಕಳನ್ನ ಹೆರೋದಿಲ್ವಾ? ಹೆತ್ತಿದ್ರೂ ಅಪ್ಪಂದಿರು ನಿಮ್ಮ ಹಾಗೇ ಇರ್ತಾರೆ ಬಿಡಿ, ಮಗು ಅತ್ತರೆ ಆಕಾಶ ನೋಡ್ತಾ.

ಏನು, ಅರ್ಥಾನಾ? ತುಲೀನೋ ಅಂದ್ರೆ ಎತ್ಕೋ ಅಂತ. ಬರೀ ಎತ್ಕೊಂಡ್ರೆ ಸಾಲದು, ಎಡ ಭುಜಕ್ಕೆ ಹಾಕ್ಕೊಂಡು ಬೆನ್ನು ಸವರಬೇಕು. ಅಷ್ಟೂ ಅದರಲ್ಲೇ ಬಂತು. ನಿಮ್ಮ ಭಾಷೆಗೆ ನನ್ನ ಹತ್ತಿರ ಅರ್ಥ ಕೇಳ್ತೀರಲ್ಲ, ಚೆನ್ನಾಗಿದೆ.

ಯಾಕೆ ಹಾಗೆ ನೋಡ್ತೀರಿ? ನೀವೇ ಮಾಡಿ ಮರೆತಿರ್ತೀರಿ... ಇಲ್ವಾ? ಹಾಗಾದ್ರೆ ಮಗುವೇ ಕಟ್ಕೊಂಡಿರಬೇಕು. ಅಪ್ಪನ ಬುದ್ಧಿ ಎಲ್ಲಿಗೆ ಹೋಗುತ್ತೆ. 'ಬೋಮಿ' ಕೂಡ ನಿಮ್ಮದಲ್ವಾ? ಸ್ನಾನದ ನೀರು ಜಾಸ್ತಿ ಬಿಸಿ ಇದ್ರೆ ಹೇಳೋದು... ಅದೂ ಅಲ್ವಾ?

ಬೈಯೋದಿದ್ರೆ ಬೈದುಬಿಡಿ. ಸೂಜಿ ಯಾಕೆ ಕಿತ್ಕೊಳ್ತೀರಿ, ಕೊಡಿ ಇಲ್ಲಿ. ಕಾಜಾ ಇನ್ನೂ ಮುಗಿದಿಲ್ಲ.

ಏನಂದ್ರಿ? ಶಿಶುವಿಹಾರಕ್ಕೆ ಸೇರಿಸೋ ತನಕ, ಹಗಲೆಲ್ಲಾ ಈ ಹೊಲಿಗೆ ಪಕ್ಕ ಕೂರಿಸ್ಕೊಂಡು ಆ ಮಗು ಜೊತೆ ಮಾತಾಡ್ತಿದ್ದೋರು ಯಾರು ಅಂತಾನಾ?